ಒಂದೇ ಕೀಲಿಮಣೆ, ಎರಡು ಲಿಪಿ

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ನೇರವಾಗಿ ಹೊರಟವರಿಗೆ ನಡುವೆ ಕರ್ನಾಟಕದ ಪಾವಗಡ ಸೀಮೆ ಎದುರಾಗುತ್ತದೆ. ಆಂಧ್ರದಿಂದ ಆಂಧ್ರಕ್ಕೆ ಹೋಗಲು ಕರ್ನಾಟಕವನ್ನು ಹಾಯುವ ಈ ಭಾಗದ ಕನ್ನಡಿಗರಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಎಂಬುದು ಹೊಸತೇನಲ್ಲ. ನಾಲಿಗೆ ಸಲೀಸಾಗಿ ಹೊರಳುತ್ತದೆ. ಗಣಕಯಂತ್ರದ ಮುಂದೆ ಕುಳಿತಾಗ ಮಾತ್ರ ಬೆರಳುಗಳು ತಡವರಿಸುತ್ತವೆ. ಅದರಲ್ಲಿಯೂ ಎಂಜಿನಿಯರಿಂಗ್ ಓದುವ ಮಕ್ಕಳು ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಕನ್ನಡ ಬರೆಯಲು ಹೊರಟಾಗ.

ಅವರು ಬಳಸುವ ಪಠ್ಯಸಂಪಾದಕಗಳಲ್ಲಿ ವಿಮ್ ಎಂಬುದು ಹೆಸರಾದದ್ದು. ಬಿಲ್ ಜಾಯ್ 1976ರಲ್ಲಿ ಬರ್ಕ್ಲಿಯಲ್ಲಿ ಬರೆಯತೊಡಗಿದ ವಿಐ ಎಂಬ ಸಂಪಾದಕವೇ ಅದರ ಮೂಲ. ವಿಮ್ ಅನ್ನು ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದರು. ಇದರಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ. ಆಜ್ಞೆಯ ಸ್ಥಿತಿಯಲ್ಲಿ 'ಡಿ' ಕೀಲಿಯನ್ನು ಎರಡು ಸಲ ಒತ್ತಿದರೆ ಇಡೀ ಸಾಲು ಅಳಿಯುತ್ತದೆ, 'ಯು' ಒತ್ತಿದರೆ ಅಳಿದದ್ದು ಮರಳುತ್ತದೆ.

ತೊಡಕು ಇರುವುದು ಇಲ್ಲಿಯೇ. ಗಣಕಕ್ಕೆಲ್ಲ ಅನ್ವಯಿಸುವಂತೆ ಇನ್‌ಸ್ಕ್ರಿಪ್ಟ್ ಕನ್ನಡ ಕೀಲಿಮಣೆಯನ್ನು ತೊಡಿಸಿದಾಗ 'ಡಿ' ಕೀಲಿಯ ಜಾಗದಲ್ಲಿ ಅರ್ಧಾಕ್ಷರದ ಚಿಹ್ನೆ ಕುಳಿತಿರುತ್ತದೆ. ಎಷ್ಟು ಒತ್ತಿದರೂ ಸಾಲು ಅಳಿಯದು. ಪ್ರತಿ ಆಜ್ಞೆಗೂ ಮುನ್ನ ಇಂಗ್ಲಿಷಿಗೆ, ಬಳಿಕ ಕನ್ನಡಕ್ಕೆ ಎಂದು ಓಡಾಡುವಷ್ಟರಲ್ಲಿ ಬರೆಯುವವನಿಗೆ ಬೇಸರ ಹುಟ್ಟಿ, ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಮುಗಿಸುತ್ತಾನೆ. ಗಡಿನಾಡಿನಲ್ಲಿ ಲಿಪಿ ಕೈಬಿಟ್ಟುಹೋಗುವುದಕ್ಕೆ ಇಂತಹ ಸಣ್ಣ ಬೇಸರವೂ ಸಾಕು.

ಪರಿಹಾರ ವಿಮ್‌ನೊಳಗೇ ಇದೆ. ಗಣಕದ ಕೀಲಿಮಣೆಯನ್ನು ಇಂಗ್ಲಿಷಿನಲ್ಲಿಯೇ ಬಿಟ್ಟು, ಸಂಪಾದಕಕ್ಕೆ ಮಾತ್ರ ಪ್ರತ್ಯೇಕವಾದ ಕೀಮ್ಯಾಪ್ ಕಡತವೊಂದನ್ನು ಬರೆದುಕೊಳ್ಳಬಹುದು. ಅದು ಸಾಮಾನ್ಯ ಪಠ್ಯ ಕಡತ. ಅಕ್ಷರಕ್ಕೊಂದು ಸಾಲು, ಎಡಕ್ಕೆ ಒತ್ತುವ ಕೀಲಿ, ಬಲಕ್ಕೆ ಮೂಡಬೇಕಾದ ಕನ್ನಡ ಅಕ್ಷರ. ವಿಮ್‌ನ ಸೆಟಿಂಗ್ ಕಡತದಲ್ಲಿ ಅದರ ಹೆಸರನ್ನು ಸೂಚಿಸಿದರೆ ಬರೆಯುವಾಗ ಕನ್ನಡ ಮೂಡುತ್ತದೆ, ಆಜ್ಞೆಗಳು ಇದ್ದಂತೆಯೇ ಇರುತ್ತವೆ. ಬರೆಯುವ ನಡುವೆ ಇಂಗ್ಲಿಷ್ ಬೇಕಾದಾಗ ಕಂಟ್ರೋಲ್ ಜೊತೆಗೆ 6 ಒತ್ತಿದರಾಯಿತು. ಅದು ಕೈಗೆ ಒಗ್ಗದಿದ್ದರೆ ಎಫ್2 ಕೀಲಿಗೆ ಆ ಕೆಲಸವನ್ನು ವಹಿಸಬಹುದು.

ಈ ಸೀಮೆಯವರಿಗೆ ಇನ್ನೊಂದು ಲಾಭವುಂಟು. ಇನ್‌ಸ್ಕ್ರಿಪ್ಟ್ ವಿನ್ಯಾಸವು ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದುದು; 'ಕೆ' ಕೀಲಿಯಲ್ಲಿ ಕನ್ನಡದ ಕಕಾರವಿದ್ದರೆ ತೆಲುಗಿನಲ್ಲಿಯೂ ಅಲ್ಲಿ ಕಕಾರವೇ. ಯೂನಿಕೋಡ್ ಪಟ್ಟಿಯಲ್ಲಿ ತೆಲುಗಿನ ಬೆನ್ನಿಗೇ ಕನ್ನಡ ಬರುತ್ತದೆ, ಎರಡಕ್ಕೂ ಸಾಮಾನ್ಯವಾದ ಅಕ್ಷರಗಳ ನಡುವೆ ಸರಿಯಾಗಿ 128 ಸ್ಥಾನಗಳ ಅಂತರ. ಆದ್ದರಿಂದ ತೆಲುಗಿನ ಕೀಮ್ಯಾಪ್ ಸಿದ್ಧವಿದ್ದರೆ ಪ್ರತಿ ಅಕ್ಷರದ ಸಂಖ್ಯೆಗೆ 128 ಕೂಡಿಸಿ ಕನ್ನಡದ್ದನ್ನು ಪಡೆಯಬಹುದು. ಆಫೀಸಿನ ಕೆಲಸಕ್ಕೆಂದು ತೆಲುಗು ಇನ್‌ಸ್ಕ್ರಿಪ್ಟ್ ಕಲಿತ ಕೈ ಕನ್ನಡಕ್ಕಾಗಿ ಬೇರೆ ಅಭ್ಯಾಸ ಮಾಡಬೇಕಾಗಿಲ್ಲ.

ಆದರೆ ಇಂಗ್ಲಿಷ್ ಬಳಕೆದಾರರ ಸಲಹೆಗಳನ್ನು ಕಣ್ಣುಮುಚ್ಚಿ ನಕಲಿಸುವುದು ತರವಲ್ಲ. ಬರೆಯುವ ಸ್ಥಿತಿಯಿಂದ ಹೊರಬರಲು ಎಸ್ಕೇಪ್ ಕೀಲಿ ಬೇಕು. ವಿಐ ಹುಟ್ಟಿದಾಗಿನ ಎಡಿಎಂ-3ಎ ಯಂತ್ರದಲ್ಲಿ ಅದು ಈಗಿನ ಟ್ಯಾಬ್ ಕೀಲಿಯ ಜಾಗದಲ್ಲಿತ್ತು, ಈಗ ಮೂಲೆ ಸೇರಿದೆ. ಹಾಗಾಗಿ 'ಜೆ' ಕೀಲಿಯನ್ನು ಎರಡು ಸಲ ಒತ್ತಿದರೆ ಎಸ್ಕೇಪ್ ಆಗುವಂತೆ ಹಲವರು ಬದಲಿಸಿಕೊಳ್ಳುತ್ತಾರೆ. ಇಂಗ್ಲಿಷ್ ಪದಗಳಲ್ಲಿ ಆ ಜೋಡಿ ಬರುವುದು ಅಪರೂಪ. ಇನ್‌ಸ್ಕ್ರಿಪ್ಟಿನಲ್ಲಿಯೋ 'ಜೆ' ಎಂದರೆ ರಕಾರ. 'ಇತರರು' ಎಂದು ಬರೆಯಲು ಹೋದವನು ಪದದ ನಡುವೆಯೇ ಆಜ್ಞೆಯ ಸ್ಥಿತಿಗೆ ಬಂದು ಬೀಳುತ್ತಾನೆ! ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಅದೇ ಕೀಲಿ ಜಕಾರವಾದ್ದರಿಂದ ಅಪಾಯ ಕಡಿಮೆ. ಇನ್‌ಸ್ಕ್ರಿಪ್ಟಿನವರು ಉಪಯೋಗಕ್ಕೆ ಬಾರದೆ ಕುಳಿತಿರುವ ಕ್ಯಾಪ್ಸ್‌ಲಾಕ್ ಕೀಲಿಗೆ ಆ ಕೆಲಸ ಒಪ್ಪಿಸುವುದು ಲೇಸು.

ಇಷ್ಟೆಲ್ಲ ಹೊಂದಿಸಿದ ಮೇಲೂ ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. ಅಕ್ಷರಕ್ಕೊಂದು ಸಮಾನ ಮನೆ ಎಂಬ ಇಂಗ್ಲಿಷಿನ ಲೆಕ್ಕಕ್ಕೆ ಕಟ್ಟಿದ ಪರದೆ ಅದು. ತೋರಿಕೆ ಕೆಟ್ಟರೂ ಕಡತದೊಳಗಿನ ಅಕ್ಷರಗಳು ಕೆಡುವುದಿಲ್ಲ. ಅದೇ ಕಡತವನ್ನು ಬ್ರೌಸರಿನಲ್ಲಿ ತೆರೆದು ನೋಡಿದರೆ ಒತ್ತುಗಳು ತಮ್ಮ ಜಾಗದಲ್ಲಿ ಕುಳಿತಿರುತ್ತವೆ.