ಶೋಕೇಸಿಗಲ್ಲ, ಕೆರೆಗೆ

ಇಲ್ಲಿ ಮಿಷಿಗನ್‌ನಲ್ಲಿ ಬೇಸಿಗೆ ಬಂತೆಂದರೆ ಜನ ಹಳೇ ಸಾಮಾನು ಮನೆ ಮುಂದಿಟ್ಟು ಮಾರ್ತಾರೆ. ನಾನು ಹುಡುಕೋದು ಮೀನು ಹಿಡಿಯೋ ಹಳೇ ರಾಡು, ರೀಲು. ಶೋಕೇಸಲ್ಲಿ ಆಗಲೇ ಆರು ರೀಲುಗಳಿವೆ. ನನ್ನ ಕೈಗೆ ಬಂದ ಮೇಲೆ ಒಂದೂ ನೀರು ಕಂಡಿಲ್ಲ.

ಕಳೆದ ತಿಂಗಳು ಒಬ್ಬ ಅಜ್ಜಿಯ ಹತ್ತಿರ ಮಿಚೆಲ್ 300 ರೀಲು, ಫೈಬರ್‌ಗ್ಲಾಸ್ ರಾಡು ಸಿಕ್ತು. ತೀರಿಕೊಂಡ ಗಂಡನದಂತೆ. ದುಡ್ಡು ತಗೊಳ್ಳೋ ಮುಂಚೆ ಕೇಳಿದರು: ‘ಗೋಡೆಗೆ ನೇತು ಹಾಕ್ತೀಯೋ, ಮೀನು ಹಿಡೀತೀಯೋ?’ ‘ಹಿಡೀತೀನಿ’ ಅಂದುಬಿಟ್ಟೆ.

ಫ್ರಾನ್ಸಿನ ಕ್ಲೂಸ್ ಎಂಬ ಗಡಿಯಾರ ಕೆಲಸದವರ ಊರಲ್ಲಿ ತಯಾರಾದ ರೀಲಿದು. ಬಿಚ್ಚಿದರೆ ಗ್ರೀಸ್ ಆರಿದ ಬೆಲ್ಲದ ಪಾಕದಂತೆ ಗಟ್ಟಿ. ಸೀಮೆಎಣ್ಣೆ, ಹಳೇ ಟೂತ್‌ಬ್ರಶ್, ಎರಡು ಸಂಜೆ. ಒಂದು ಹಲ್ಲುಚಕ್ರವೂ ಸವೆದಿರಲಿಲ್ಲ. (ನಾನು ಬರೆದ ಕೋಡು ಐದು ವರ್ಷ ಬಾಳಿದ್ದಿಲ್ಲ.)

1970ರ ದಶಕದಲ್ಲಿ ಹಗುರವಾದ ಗ್ರಾಫೈಟ್ ಬಂದು ಫೈಬರ್‌ಗ್ಲಾಸ್ ಮೂಲೆ ಸೇರಿತು. ಇದು ನಿಧಾನ, ಎಸೆಯುವಾಗ ರಾಡು ಪೂರ್ತಿ ಬಾಗುವ ತನಕ ಕಾಯಬೇಕು. ಅವಸರಪಟ್ಟು ಮೂರು ಸಲ ಗಾಳ ಕಾಲಬುಡದಲ್ಲೇ ಬೀಳಿಸಿದೆ. ಕೊನೆಗೆ ಅಂಗೈಯಗಲದ ಬ್ಲೂಗಿಲ್ ಮೀನು ಸಿಕ್ತು. ಅಷ್ಟು ಚಿಕ್ಕದಕ್ಕೂ ನಡುಕ ಹಿಡಿಕೆವರೆಗೂ ಬಂತು! ಫೋಟೊ ತೆಗೆದು ಬಿಟ್ಟುಬಿಟ್ಟೆ.

ಸಂಜೆ ಅಜ್ಜಿಗೆ ಫೋಟೊ ತೋರಿಸಿದೆ. ಮೀನನ್ನ ನೋಡಲೇ ಇಲ್ಲ. ರೀಲನ್ನೇ ದೊಡ್ಡದು ಮಾಡಿ ನೋಡ್ತಾ ಕೂತರು.