ಬೆಳ್ಳೂರಿನ ಹುಣಸೆಮರಗಳು
ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹಿತ್ತಲ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸಿ, ಅಂಗಳವನ್ನೆಲ್ಲ ಬೆಳ್ಳಗಾಗಿಸುವ ಹಿಕ್ಕೆಯನ್ನೂ ಮೀನಿನ ನಾತವನ್ನೂ ಸಹಿಸಿ, ಹಣ್ಣು ಬಡಿಯುವುದನ್ನು ಸಹ ಕೈಬಿಟ್ಟು, ಗೂಡಿನಿಂದುರುಳಿದ ಮರಿಗಳಿಗೆ ಮೀನುಣಿಸಿ ಸಲಹಿದ ಗ್ರಾಮಸ್ಥರ ಔದಾರ್ಯವನ್ನು ನಾವು ನಗರವಾಸಿಗಳು ಮುಕ್ತಕಂಠದಿಂದ ಶ್ಲಾಘಿಸುತ್ತೇವೆ, ಶ್ಲಾಘನೆಗೆ ವೆಚ್ಚವಿಲ್ಲವಷ್ಟೆ. ಆ ಹಿಕ್ಕೆಯೇ ಗದ್ದೆಗೆ ಗೊಬ್ಬರವಾಗುತ್ತಿದ್ದುದರಿಂದ, ಈ ವಾತ್ಸಲ್ಯದಲ್ಲಿ ಬೇಸಾಯದ ಲೆಕ್ಕಾಚಾರವೂ ಬೆರೆತಿತ್ತೆಂಬುದನ್ನು ಮರೆಯಲಾಗದು. 2007ರಲ್ಲಿ ಸರ್ಕಾರವು ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಘೋಷಣೆಯೊಂದರಿಂದಲೇ ಮರ ಉಳಿಯದು: ಕಡಿದು ಮಾರಿದರೆ ಕೈಸೇರುವ ಹಣದ ಮುಂದೆ, ಹಣ್ಣು ಬಿಟ್ಟುಕೊಟ್ಟದ್ದಕ್ಕೆ ಸಿಗುವ ಪರಿಹಾರದ ಮೊತ್ತವು ಅತ್ಯಲ್ಪವೆನಿಸಿದಲ್ಲಿ, ಪರಂಪರೆಯ ಭಾರವನ್ನೆಲ್ಲ ಬಡರೈತನ ಹೆಗಲಿಗೇ ಹೊರಿಸುವುದು ಅನ್ಯಾಯ, ಆದುದರಿಂದ ಅರಣ್ಯ ಇಲಾಖೆಯು ಹುಣಸೆಯ ಪೇಟೆಧಾರಣೆಗೆ ಸರಿಸಮನಾದ ಪರಿಹಾರವನ್ನು ಪ್ರತಿವರ್ಷವೂ, ಹಕ್ಕಿಗಳು ಗೂಡು ಕಟ್ಟುವ ಮುನ್ನವೇ, ಮರದ ಒಡೆಯನಿಗೆ ಸಲ್ಲಿಸತಕ್ಕದ್ದು.