ಹೇಳುವ ಹೊರೆ ಯಾರ ತಲೆಗೆ?

ಡಿಸೆಂಬರ್ ಒಂದರ ಏಡ್ಸ್ ದಿನದ ವೇದಿಕೆಗಳಲ್ಲಿ ಕೇಳಿಬರುವ ಮಾತೊಂದಿದೆ. ಎಚ್‌ಐವಿ ಇರುವವರ ಗಂಡ, ಹೆಂಡತಿ, ಸಂಗಾತಿ, ಮಕ್ಕಳು ಪರೀಕ್ಷೆಗೆ ಬರುತ್ತಿಲ್ಲವಂತೆ. ಬನ್ನಿ ಎಂದು ಕೇಳುವ ಮನಸ್ಸೇ ಆರೋಗ್ಯ ಸಿಬ್ಬಂದಿಗೆ ಇಲ್ಲವಂತೆ. ಅವರ ಮನೋಭಾವ ಬದಲಾಗಬೇಕಂತೆ. ಅಲ್ಲಿಗೆ ಇನ್ನೊಂದು ತರಬೇತಿ ಗಟ್ಟಿಯಾಯಿತು: ಎರಡು ದಿನದ ಕಾರ್ಯಾಗಾರ, ಒಂದು ಫೈಲು, ಒಂದು ಪೆನ್ನು, ಕೊನೆಗೆ ಗ್ರೂಪ್ ಫೋಟೊ. ಮನೋಭಾವ ಎಂಬುದು ಆಡಳಿತಕ್ಕೆ ಬಹಳ ಅನುಕೂಲದ ಕಾಯಿಲೆ. ಅದರ ಮದ್ದಿಗೆ ಕೋಣೆ ಬೇಡ, ಹುದ್ದೆ ಬೇಡ, ಸಂಬಳ ಬೇಡ, ಉಪದೇಶ ಸಾಕು.

ಈ ಮಾತನ್ನು ನಾನು ಒಪ್ಪುವುದಿಲ್ಲ. ಕ್ಷಯದ ವಿಷಯದಲ್ಲಿ ಇದೇ ಸಿಬ್ಬಂದಿ ಹಿಂದೆಮುಂದೆ ನೋಡುವುದಿಲ್ಲ. ಒಬ್ಬರ ಕಫದಲ್ಲಿ ರೋಗಾಣು ಕಂಡರೆ ಮನೆಗೇ ಹೋಗುತ್ತಾರೆ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರ ಕೆಮ್ಮು, ಜ್ವರ, ತೂಕ ವಿಚಾರಿಸುತ್ತಾರೆ. ಅದೇ ನರ್ಸಮ್ಮ, ಅದೇ ಆಶಾ ಕಾರ್ಯಕರ್ತೆ, ಅದೇ ಮನಸ್ಸು. ಕ್ಷಯ ಗಾಳಿಯಲ್ಲಿ ಬರುತ್ತದೆ, ಯಾರನ್ನೂ ಯಾರ ಜೊತೆ ಮಲಗಿದ್ದೆ ಎಂದು ಕೇಳಬೇಕಾಗಿಲ್ಲ. ಎಚ್‌ಐವಿಯಲ್ಲಿ ಆಪ್ತರು ಎಂದರೆ ಒಂದೇ ಸೂರಿನಡಿ ಉಂಡವರಲ್ಲ. ಗಂಡ ಹೆಂಡತಿ, ದೈಹಿಕ ಸಂಬಂಧವಿದ್ದವರು, ಸೂಜಿ ಹಂಚಿಕೊಂಡವರು, ಸೋಂಕಿರುವ ತಾಯಿ ಹೆತ್ತ ಮಕ್ಕಳು. ಈ ಪಟ್ಟಿಯನ್ನು ಒಬ್ಬರ ಬಾಯಿಂದ ಹೊರಡಿಸುವುದೇ ಒಂದು ಕಸುಬು. ಆ ಕಸುಬಿಗೆ ಬೇಕಾದ ಏರ್ಪಾಟನ್ನು ನಾವು ಕೊಟ್ಟಿಲ್ಲ. ಅದರ ಕಷ್ಟದ ಭಾಗವನ್ನು ಸದ್ದಿಲ್ಲದೆ ರೋಗಿಯ ತಲೆಗೆ ಕಟ್ಟಿದ್ದೇವೆ. ಆ ರೋಗಿ ಎಷ್ಟೋ ಸಲ ಬಸುರಿ ಹೆಂಗಸು.

ನಮ್ಮ ಹಳ್ಳಿಗಳಲ್ಲಿ ಸೋಂಕು ಹೇಗೆ ಬೆಳಕಿಗೆ ಬರುತ್ತದೆ ಎಂದು ನೋಡಿ. ಹುಡುಗಿ ಬಸುರಿಯಾಗುತ್ತಾಳೆ, ತಾಯಿ ಕಾರ್ಡ್ ಮಾಡಿಸುತ್ತಾರೆ, ಹಿಮೋಗ್ಲೋಬಿನ್, ರಕ್ತದ ಗುಂಪು, ಸಿಫಿಲಿಸ್ ಜೊತೆಗೆ ಎಚ್‌ಐವಿ ಪರೀಕ್ಷೆಯೂ ಆಗುತ್ತದೆ. ಮಗುವಿಗೆ ಸೋಂಕು ದಾಟದಂತೆ ತಡೆಯಲು ಅದು ಆಗಲೇಬೇಕು, ಆ ಬಗ್ಗೆ ತಕರಾರಿಲ್ಲ. ಆದರೆ ಗಂಡನ ರಕ್ತವನ್ನು ಆಗ ಯಾರೂ ಕೇಳುವುದಿಲ್ಲ. ಅವನಿಂದಲೇ ಬಂದದ್ದಾದರೂ ಮೊದಲು ಗೊತ್ತಾಗುವುದು ಅವಳದ್ದು. ಮೊದಲು ಗೊತ್ತಾದವಳೇ ತಂದವಳು ಎಂಬುದು ಅತ್ತೆಮನೆಯ ನ್ಯಾಯ. 1986ರಲ್ಲಿ ಚೆನ್ನೈಯಲ್ಲಿ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಪ್ರಕರಣಗಳನ್ನು ಪತ್ತೆಹಚ್ಚಿದ್ದೂ ಲೈಂಗಿಕ ವೃತ್ತಿಯಲ್ಲಿದ್ದ ಹೆಂಗಸರ ರಕ್ತದಲ್ಲೇ. ಮೊದಲ ದಿನದಿಂದಲೂ ನಮ್ಮ ವ್ಯವಸ್ಥೆಯ ಕೈಗೆ ಸುಲಭವಾಗಿ ಸಿಗುವುದು ಹೆಣ್ಣಿನ ರಕ್ತ.

ಫಲಿತಾಂಶ ಹೇಳಿದ ಮೇಲೆ ಐಸಿಟಿಸಿಯ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ, ಆಪ್ತಸಮಾಲೋಚಕಿ ಧೈರ್ಯ ತುಂಬುತ್ತಾರೆ, ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಚೀಟಿ ಬರೆಯುತ್ತಾರೆ, ಕೊನೆಗೆ ಹೇಳುತ್ತಾರೆ: “ಮನೆಯವರನ್ನ ಕರ್ಕೊಂಡ್ ಬಾಮ್ಮ.” ದಾಖಲೆಯಲ್ಲಿ ಇದು ಸಂಗಾತಿಗೆ ಪರೀಕ್ಷೆಯ ಸಲಹೆ ನೀಡಿದಂತೆ. ನಿಜಕ್ಕೆ ಅಲ್ಲಿ ಆದದ್ದೇನು? ಓದಿ ತರಬೇತಿ ಪಡೆದ, ಸರ್ಕಾರದ ಕುರ್ಚಿಯಲ್ಲಿ ಕೂತ ಒಬ್ಬರು ಆಡಲಾರದ ಮಾತನ್ನು, ಬಸ್ಸಿನ ಚಾರ್ಜಿಗೂ ಗಂಡನ ಮುಂದೆ ಕೈಚಾಚುವ ಇಪ್ಪತ್ತರ ಹುಡುಗಿ ಆಡಬೇಕಾಗಿದೆ.

ಸಿಬ್ಬಂದಿಯೇ ಮುಂದೆ ಬಂದು ಸಂಗಾತಿಯನ್ನು ಸಂಪರ್ಕಿಸಿದರೆ ಫಲವೇನು ಎಂಬುದು ಊಹೆಯ ವಿಷಯವಲ್ಲ. ಕೆನ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹೀಗೆ ನೆರವು ಸಿಕ್ಕ ಕಡೆ ಪರೀಕ್ಷೆಗೆ ಬಂದ ಸಂಗಾತಿಗಳ ಪ್ರಮಾಣ ಸುಮಾರು ಐದು ಪಟ್ಟು ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಇದನ್ನು ಶಿಫಾರಸು ಮಾಡಿತ್ತು. ನಮ್ಮಲ್ಲೂ 2017ರಿಂದ ಪಾಸಿಟಿವ್ ಎಂದು ಗೊತ್ತಾದ ಎಲ್ಲರಿಗೂ ಚಿಕಿತ್ಸೆಯುಂಟು. ಮಾತ್ರೆ ಬಿಡದೆ ನುಂಗಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದರೆ ಅವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ. ಇಂಥ ಕಾಲದಲ್ಲಿ ಒಬ್ಬ ಗಂಡಸು ತನ್ನ ಸ್ಥಿತಿ ತಿಳಿಯದೆ ಕ್ಷಯವೋ ಮಿದುಳು ಜ್ವರವೋ ಬಂದು ಹಾಸಿಗೆ ಹಿಡಿಯುವ ತನಕ ಕಾಯುವುದು ಕ್ರೌರ್ಯ. ಮಾಡಿದ್ದುಣ್ಣಲಿ ಬಿಡಿ ಎನ್ನುವವರೂ ಇದ್ದಾರೆ. ಅವರೊಡನೆ ವಾದಕ್ಕೆ ಕೂರುವಷ್ಟು ಪುರುಸೊತ್ತು ನನಗಿಲ್ಲ.

ನಾನು ಗೌರವಿಸುವ ಆಕ್ಷೇಪ ಬೇರೆ ಇದೆ, ಅದನ್ನು ಎತ್ತುವವರು ಸೋಂಕಿತರ ನಡುವೆಯೇ ಕೆಲಸ ಮಾಡಿದವರು. ಸಂಪರ್ಕಿಸುವುದು ಎಂದರೆ ಕೊನೆಗೆ ಗುಟ್ಟು ಒಡೆಯುವುದೇ. ಹೊಡೆತ ತಿನ್ನುವವಳು ಅವಳು, ಮನೆಯಿಂದ ಹೊರಬೀಳುವವಳು ಅವಳು. ಮೇಲಿನಿಂದ ಗುರಿ ಹೇರಿದರೆ ಸಿಬ್ಬಂದಿ ಹೆಸರು ಹೊರಡಿಸಲು ಒತ್ತಾಯ ಮಾಡುತ್ತಾರೆ, ಒಮ್ಮೆ ಒತ್ತಾಯದ ರುಚಿ ಕಂಡ ರೋಗಿ ಮಾತ್ರೆಗೂ ಬರುವುದಿಲ್ಲ. ಗುಟ್ಟು ಕಾಯುವ ಉಪಾಯವಿದೆಯಲ್ಲ, ಯಾರು ಹೇಳಿದರು ಎನ್ನದೆಯೇ ಪರೀಕ್ಷೆಗೆ ಕರೆಯಬಹುದಲ್ಲ ಎಂದು ನಮ್ಮಂಥವರು ಹೇಳುತ್ತೇವೆ. ಆ ಉಪಾಯ ಹತ್ತು ಕಡೆ ಸಂಬಂಧವಿರುವ ಗಂಡಸನ್ನು ಕಾಪಾಡುತ್ತದೆ. ಒಬ್ಬನೇ ಗಂಡನಿರುವ ಹೆಂಗಸನ್ನು ಹೇಗೆ ಕಾಪಾಡೀತು? ಆಸ್ಪತ್ರೆಯಿಂದ ಫೋನ್ ಬಂದ ಕ್ಷಣವೇ ಅವನಿಗೆ ಮೂಲ ತಿಳಿಯುತ್ತದೆ. ಕೆನ್ಯಾದ ಆ ಪ್ರಯೋಗದಲ್ಲೂ ಹಿಂಸೆಯ ಅಪಾಯ ಹೆಚ್ಚಿದ್ದವರನ್ನು ಮೊದಲೇ ಹೊರಗಿಟ್ಟಿದ್ದರು ಎಂಬುದನ್ನು ಮರೆಯಬಾರದು. ಆಪ್ತಸಮಾಲೋಚಕಿಯ ಹಿಂಜರಿಕೆಯಲ್ಲಿ ಈ ತಿಳಿವಳಿಕೆಯೂ ಇದೆ, ಅದನ್ನು ಕಾರ್ಯಾಗಾರದಲ್ಲಿ ತೊಳೆದುಹಾಕುವುದು ಬೇಡ.

ಕಾನೂನು ಇದನ್ನು ಯೋಚಿಸಿಲ್ಲವೆಂದಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಅದರ 9ನೇ ಕಲಮು ಸಂಗಾತಿಗೆ ತಿಳಿಸುವ ಅವಕಾಶವನ್ನು ವೈದ್ಯರು ಮತ್ತು ಆಪ್ತಸಮಾಲೋಚಕರಿಗೆ ಮಾತ್ರ ಕೊಡುತ್ತದೆ. ಸಂಗಾತಿಗೆ ಗಣನೀಯ ಅಪಾಯವಿರಬೇಕು, ತಾನೇ ಹೇಳುವಂತೆ ಸೋಂಕಿತರಿಗೆ ಸಲಹೆ ಕೊಟ್ಟಿರಬೇಕು, ಅವರು ಹೇಳುವುದಿಲ್ಲವೆಂದು ಖಚಿತವಾಗಿರಬೇಕು, ನಾವು ಹೇಳುತ್ತೇವೆ ಎಂದು ಅವರಿಗೆ ಮೊದಲೇ ತಿಳಿಸಿರಬೇಕು. ಹೇಳುವುದೂ ಮುಖತಃ, ಸಮಾಲೋಚನೆಯ ನಂತರ. ಹೆಂಗಸಿನ ವಿಷಯದಲ್ಲಿ ಹಿಂಸೆಯ ಅಥವಾ ಕೈಬಿಡುವ ಭಯ ಕಂಡರೆ ಹೇಳಲೇಕೂಡದು. ಇಷ್ಟರ ಮೇಲೆ, ಈ ಕಲಮಿನಡಿ ಹೇಳಿದ್ದಕ್ಕಾಗಲಿ ಹೇಳದೆ ಬಿಟ್ಟದ್ದಕ್ಕಾಗಲಿ ವೈದ್ಯರ, ಆಪ್ತಸಮಾಲೋಚಕರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮನೋಭಾವದ ಪಾಠ ಮಾಡುವವರು ಈ ರಕ್ಷಣೆಯ ಸಾಲನ್ನು ಎಷ್ಟು ಕಡೆ ಓದಿ ಹೇಳುತ್ತಾರೆ?

ಈ ಕಾಯ್ದೆಗೂ ಮೊದಲಿನ ಕಥೆಯೊಂದನ್ನು ಇಲ್ಲಿ ಹೇಳಬೇಕು. ನಾಗಾಲ್ಯಾಂಡಿನ ವೈದ್ಯರೊಬ್ಬರು 1995ರ ಸುಮಾರಿಗೆ ಸಂಬಂಧಿಯ ಶಸ್ತ್ರಚಿಕಿತ್ಸೆಗೆಂದು ಚೆನ್ನೈಗೆ ಬಂದು ರಕ್ತ ಕೊಟ್ಟರು. ಪಾಸಿಟಿವ್ ಬಂತು. ಸುದ್ದಿ ಆಸ್ಪತ್ರೆಯಿಂದ ಹೊರಬಿದ್ದು ನಿಶ್ಚಯವಾಗಿದ್ದ ಮದುವೆ ಮುರಿಯಿತು, ಅವರು ಊರನ್ನೇ ಬಿಡಬೇಕಾಯಿತು. ‘ಮಿಸ್ಟರ್ ಎಕ್ಸ್’ ಎಂಬ ಹೆಸರಿನಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. 1998ರ ತೀರ್ಪು ಹುಡುಗಿಯ ತಿಳಿಯುವ ಹಕ್ಕು ದೊಡ್ಡದೆಂದಿತು, ಅಲ್ಲಿಗೆ ನಿಲ್ಲದೆ ಸೋಂಕಿತರ ಮದುವೆಯ ಹಕ್ಕನ್ನೇ ಅಮಾನತಿನಲ್ಲಿಟ್ಟಿತು. ಆ ಮಾತುಗಳು ಅನಗತ್ಯವಾಗಿದ್ದವೆಂದು ಅದೇ ನ್ಯಾಯಾಲಯ ಹೇಳುವುದಕ್ಕೆ 2002 ಬರಬೇಕಾಯಿತು. ಹುಡುಗಿಗೆ ತಿಳಿಯಬೇಕಿತ್ತು, ಸಂಶಯವಿಲ್ಲ. ತಿಳಿದದ್ದು ಹೇಗೆ? ಆ ವೈದ್ಯರನ್ನು ಕೂರಿಸಿ ಮಾತಾಡಿ, ನೀವೇ ಹೇಳುತ್ತೀರೋ ನಾವು ಜೊತೆಗಿರಬೇಕೋ ಎಂದು ಕೇಳುವ ಒಂದು ಹೆಜ್ಜೆ ಆ ಕಥೆಯಲ್ಲಿ ಎಲ್ಲಿಯೂ ಇಲ್ಲ.

ಇವತ್ತಿಗೂ ಅಲ್ಲಲ್ಲಿ ಅದೇ ನಡೆಯುತ್ತಿದೆ. ಆಪರೇಷನ್ನಿಗೆ ಮೊದಲು ಒಂದು ಮಾತೂ ಕೇಳದೆ ರಕ್ತ ತೆಗೆದು, ಪಾಸಿಟಿವ್ ಬಂದರೆ ರೋಗಿಯ ಭಾವನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿ, ‘ಬೇರೆ ಕಡೆ ಕರ್ಕೊಂಡ್ ಹೋಗಿ’ ಎನ್ನುವ ನರ್ಸಿಂಗ್ ಹೋಮುಗಳಿಗೆ ಮನಸ್ಸಿನ ಕೊರತೆ ಇದೆಯೆ? ಹೇಳಲು ಅವರು ತುದಿಗಾಲಲ್ಲಿ ನಿಂತಿರುತ್ತಾರೆ! ಆ ರೋಗಿಯ ಹೆಂಡತಿಗೆ ಮಾತ್ರ ಪರೀಕ್ಷೆ ಮಾಡಿಸಿಕೋ ಎನ್ನುವವರು ಅಲ್ಲಿ ಯಾರೂ ಇರುವುದಿಲ್ಲ.

ಬಸುರಿಯ ಮಟ್ಟಿಗೆ ದಾರಿ ಸರಳವಿದೆ. ಮೊದಲ ತಪಾಸಣೆಯ ದಿನವೇ, ಯಾರ ಫಲಿತಾಂಶವೂ ಗೊತ್ತಿಲ್ಲದಾಗ, ಗಂಡನಿಗೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕೇಳಬೇಕು. ಎಲ್ಲರ ಗಂಡಂದಿರಿಗೂ, ಬಿಪಿ ನೋಡುವಷ್ಟು ಸಹಜವಾಗಿ. ಆಗ ಇಬ್ಬರ ವಿಷಯವೂ ಒಟ್ಟಿಗೇ ತಿಳಿಯುತ್ತದೆ, ಮೊದಲು ಗೊತ್ತಾದವಳು ಎಂಬುವಳೇ ಇರುವುದಿಲ್ಲ. ಒಪ್ಪಿಗೆ ಬೇಕೇ ಬೇಕು, ಬೇಡವೆಂದವನನ್ನು ಬಲವಂತ ಮಾಡುವಂತಿಲ್ಲ. ಗಂಡ ಗೋವೆಯ ಕಟ್ಟಡ ಕೆಲಸಕ್ಕೋ ಪುಣೆಗೋ ಗುಳೆ ಹೋಗಿದ್ದರೆ? ವಿಜಯಪುರ, ಕಲಬುರಗಿ, ರಾಯಚೂರಿನ ಕಡೆ ಇದು ದೊಡ್ಡ ಪ್ರಶ್ನೆಯೇ. ಇನ್ನೊಂದು ತೊಡಕು ನಮ್ಮ ಪದ್ಧತಿಯದು: ಚೊಚ್ಚಲ ಹೆರಿಗೆ ತವರಿನಲ್ಲಿ. ಅವಳ ಫಲಿತಾಂಶ ತವರಿನ ತಾಲ್ಲೂಕು ಆಸ್ಪತ್ರೆಯಲ್ಲಿ, ಅವನಿರುವುದು ಬೇರೆ ಜಿಲ್ಲೆಯಲ್ಲಿ. ಇಲ್ಲಿಯ ಆಪ್ತಸಮಾಲೋಚಕಿ ಅಲ್ಲಿಯವರಿಗೆ ಅವಳ ಒಪ್ಪಿಗೆ ಪಡೆದು ವಿಷಯ ದಾಟಿಸಬೇಕು, ಅವರು ಅವನನ್ನು ಕಂಡು ಮಾತಾಡಬೇಕು. ಇದಕ್ಕೆ ಓಡಾಟದ ಖರ್ಚು ಬೇಕು, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಬೇಕು, ಮುಂದಿನ ವರ್ಷವೂ ಅದೇ ಕುರ್ಚಿಯಲ್ಲಿ ಅದೇ ಮನುಷ್ಯರು ಇರಬೇಕು. ಐಸಿಟಿಸಿಗಳ ಆಪ್ತಸಮಾಲೋಚಕರು ಹೆಚ್ಚಿನವರು ಗುತ್ತಿಗೆ ನೌಕರರು. ತನ್ನ ಕೆಲಸದ ಗುತ್ತಿಗೆಯೇ ನವೀಕರಣವಾದೀತೆ ಎಂದು ದಿನ ಎಣಿಸುವವರ ಮುಂದೆ ಜನ ತಮ್ಮ ಸಂಸಾರದ ಗುಟ್ಟು ಬಿಚ್ಚಿಡಬೇಕು ಎನ್ನುತ್ತೇವೆ.

ಮಕ್ಕಳ ಮಾತು ಎತ್ತುವವರು ಇನ್ನೂ ಕಡಿಮೆ. ತಾಯಿಗೆ ಈಗ ಪಾಸಿಟಿವ್ ಬಂದರೆ ಹೊಟ್ಟೆಯಲ್ಲಿರುವ ಕೂಸಿನ ಬಗ್ಗೆ ಎಲ್ಲರೂ ಎಚ್ಚರ ವಹಿಸುತ್ತಾರೆ. ಮನೆಯಲ್ಲಿರುವ ಏಳು ವರ್ಷದ ದೊಡ್ಡವನನ್ನು ಯಾರೂ ಕೇಳುವುದಿಲ್ಲ, ಆಡಿಕೊಂಡಿದ್ದಾನಲ್ಲ ಎನ್ನುತ್ತಾರೆ. ಹುಟ್ಟಿನಿಂದ ಬಂದ ಸೋಂಕು ಕೆಲವು ಮಕ್ಕಳಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಅವನ ವಿಷಯದಲ್ಲಿ ಗಂಡನಿಗೆ ಹೆದರಬೇಕಾದ ಪ್ರಶ್ನೆಯೂ ಅಷ್ಟಾಗಿ ಇಲ್ಲ. ತಾಯಿಯ ಒಪ್ಪಿಗೆ ಸಾಕು, ಒಂದು ಬೆರಳ ತುದಿಯ ರಕ್ತ ಸಾಕು. ಮನೋಭಾವದ ಕೊರತೆಯೆಂದು ನಾನು ಒಪ್ಪುವುದಾದರೆ ಇದೊಂದನ್ನು ಒಪ್ಪುತ್ತೇನೆ. ಮುಂದಿನ ಸಲ ಅವಳು ಮಾತ್ರೆಗೆ ಬಂದಾಗ ಮಗನನ್ನೂ ಕರೆತರಲು ಹೇಳುವುದಕ್ಕೆ ಹೊಸ ಹುದ್ದೆಯೂ ಬೇಡ, ಹೊಸ ಕೋಣೆಯೂ ಬೇಡ.